ಹದಿನಾಲ್ಕನೇ ಸೀಟಿನ ದುಡ್ಡು

ಶಿರಾದಿಂದ ತಿರುಪತಿಗೆ ಹೋಗುವ ಯಾತ್ರೆಯ ಮೋಟಾರಿಗೆ ಎರಡು ಟಿಕೀಟು ಮಾಡಿಸಿ, ಅವನ್ನು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಓಬಳಪ್ಪ ಹುಲಿಕುಂಟೆ ಕಡೆಯ ತನ್ನ ಹಟ್ಟಿಗೆ ಬಂದಾಗ ಭಾನುವಾರ ಇಳಿಹೊತ್ತು. ಮುಳ್ಳುಬೇಲಿಯ ಹೊರಗೆ ಕುರಿಗಳು ಹಾಗೆಯೇ ನಿಂತಿದ್ದವು. ಅವನ್ನು ರೊಪ್ಪಕ್ಕೆ ಕೂಡುವವರೇ ಇಲ್ಲ. ಎಲ್ಲಿ ಹೋದಳು ಇವಳು ಎಂದು ಗೊಣಗಿಕೊಳ್ಳುವಷ್ಟರಲ್ಲಿ ನಾದಿನಿ ಕರಿಯಕ್ಕ ಓಡಿಬಂದು ಕಾಲಿಗೆ ಬಿದ್ದಳು.

"ಅಕ್ಕ ಓದ್ಲು ಭಾವಾ! ಮರಿಗಳಿಗೆ ಸೊಪ್ಪು ಆಕ್ತಾ ಇದ್ದೋಳು ಎದೆ ಇಡ್ಕಂಡು ಕುಂತ್ಲು. ನಾನು ನೀರು ತರೋದ್ರೊಳಗೆ ಓಗೇಬುಟ್ಲು!"

ಅವನ ಹೆಂಡತಿ ಗಿರಿಯಮ್ಮ ಆ ಬೆಳಿಗ್ಗೆಯಷ್ಟೇ ಮುಡುಪಿನ ಗಂಟು ಬಿಚ್ಚಿ ಹದಿನೆಂಟು ರೂಪಾಯಿ ಎಣಿಸಿಕೊಟ್ಟು ಅವನನ್ನು ಶಿರಾಕ್ಕೆ ಕಳಿಸಿದ್ದಳು. ಮಗ ಜುಂಜಪ್ಪನಿಗೆ ಚಿಕ್ಕಂದಿನಲ್ಲಿ ಜ್ವರ ಏರಿ ಬದುಕುವುದೇ ಅನುಮಾನವಾದಾಗ, ಗಂಡಹೆಂಡಿರಿಬ್ಬರೂ ಬೆಟ್ಟಕ್ಕೆ ಬರುತ್ತೇವೆಂದು ತಿಮ್ಮಪ್ಪನಿಗೆ ಹರಕೆ ಹೊತ್ತವಳು ಅವಳೇ. ಅಂದಿನಿಂದ ಉಣ್ಣೆ ಮಾರಿದಾಗ, ಮರಿ ಮಾರಿದಾಗ, ಅರಿಸಿನದ ಬಟ್ಟೆಗೆ ಇಷ್ಟಿಷ್ಟು ಕಾಸು ಸೇರಿಸುತ್ತ ಬಂದಿದ್ದಳು. ಹೋಗಿಬರುವ ಖರ್ಚೂ ಅದರಲ್ಲೇ ಆಗಬೇಕೆಂಬುದು ಅವಳ ಹಟ.

ಮಾರನೆಯ ದಿನ ಮಣ್ಣು ಮಾಡುವ ಹೊತ್ತಿಗೆ ಕರಿಯಕ್ಕ, "ಭಾವಾ, ಅಕ್ಕನ ಟಿಕೀಟು ಕೊಡು. ಅದುನ್ನ ಕಣ್ಣಿಂದ ನೋಡ್ಲಿಲ್ಲ ಅವ್ಳು" ಎಂದಳು. ಓಬಳಪ್ಪ ರುಮಾಲು ಬಿಚ್ಚಿ ಕೊಟ್ಟ. ಕರಿಯಕ್ಕ ಅದನ್ನು ಸತ್ತವಳ ಸೆರಗಿನ ತುದಿಗೆ ಗಂಟು ಹಾಕಿದಳು. ಸುತ್ತ ನಿಂತವರಲ್ಲಿ ಯಾರಿಗೂ ಅದು ತಪ್ಪೆನಿಸಲಿಲ್ಲ.

ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ದಾಸಯ್ಯ ಚಿಕ್ಕಹನುಮಯ್ಯ ಜಗುಲಿಯ ಮೇಲೆ ಕೂತು ಹೇಳಿದ: "ವರ್ಷ ತುಂಬೋಗಂಟ ನೀನು ಬೆಟ್ಟ ಅತ್ತಂಗಿಲ್ಲ. ಆದ್ರೆ ಮುಡುಪು ಬಿಚ್ಚಿದ್ದು ಯಾತ್ರೆಗೆ. ಯಾತ್ರೆ ನಿಂತ ಮ್ಯಾಲೆ ಆ ದುಡ್ಡು ತಿರುಗಿ ಮುಡುಪು ಸೇರ್ಬೇಕು ಕಣಪ್ಪಾ. ಇಲ್ದಿದ್ರೆ ಋಣ ಅರಕೆ ಒತ್ತೋಳ ತಲೆ ಮ್ಯಾಲೆ ನಿಂತ್ಕಂತದೆ. ಅವ್ಳ ಜೀವಕ್ಕೆ ಸಮಾಧಾನ ಇರಾಕಿಲ್ಲ."

"ಎರಡು ಟಗರು ಮಾರಿ ಆಕ್ಬುಡ್ತೀನಿ."

"ಅದು ನಿನ್ನ ದುಡ್ಡಾಯ್ತದೆ. ಅವ್ಳದಾಗಾಕಿಲ್ಲ."

ಅಕ್ಷರ ಬಲ್ಲ ಜುಂಜಪ್ಪ ಉಳಿದ ಟಿಕೀಟಿನ ಹಿಂಬದಿ ಓದಿದ. ಮೋಟಾರು ಹೊರಡುವ ಮುನ್ನ ರದ್ದು ಮಾಡಿಸಿದರೆ ಹಣ ವಾಪಸು ಎಂದು ಅಚ್ಚಾಗಿತ್ತು. ಮೋಟಾರು ಹೊರಡುವುದು ಶನಿವಾರ. ಓಬಳಪ್ಪನಿಗೆ ಜೀವ ಬಂದಂತಾಯಿತು.

ಬುಧವಾರ ಶಿರಾದ ಪೇಟೆಯಲ್ಲಿ ಮೋಟಾರಿನ ಗುಮಾಸ್ತ ನಂದೀಶ್ವರಯ್ಯ ಕನ್ನಡಕ ಏರಿಸಿ ಪುಸ್ತಕ ತೆಗೆದ. "ಹದಿಮೂರು, ಹದಿನಾಲ್ಕು. ಸರಿ. ಎಲ್ಲಿ, ಎರಡು ಟಿಕೀಟೂ ಇಡು."

ಓಬಳಪ್ಪ ಒಂದನ್ನಿಟ್ಟು, ಇನ್ನೊಂದು ಎಲ್ಲಿದೆಯೆಂದು ಹೇಳಿದ. ಗುಮಾಸ್ತ ಲೇಖನಿ ಕೆಳಗಿಟ್ಟ.

"ಹೂತುಬಿಟ್ಟಿರಾ! ಟಿಕೀಟು ವಾಪಸ್ ಬರದೆ ದುಡ್ಡು ಹೆಂಗಪ್ಪಾ ವಾಪಸ್ ಬರ್ತದೆ? ನಾಳೆ ಯಾರಾದ್ರೂ ಅದನ್ನ ಹಿಡ್ಕೊಂಡು ಬಂದು ಗಾಡಿ ಹತ್ತಿದ್ರೆ?"

"ಅದುನ್ನ ಇಡ್ಕಂಡು ಬರೋಳು ಅವ್ಳೊಬ್ಳೇ ಸ್ವಾಮಿ. ಬಂದ್ರೆ ನಾನೇ ಕೈ ಇಡಿದು ಅತ್ತುಸ್ತೀನಿ."

ಪಕ್ಕದ ಬೀಡಿ ಅಂಗಡಿಯವನು ಕಿಸಕ್ಕನೆ ನಕ್ಕು, ಓಬಳಪ್ಪನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ನಂದೀಶ್ವರಯ್ಯ ನಗಲಿಲ್ಲ. "ಕಾಯಿದೆ ನಾನು ಮಾಡಿದ್ದಲ್ಲ. ಸೀಟು ಪುಸ್ತಕದಲ್ಲಿದೆ, ನಿಮ್ಮ ಬದಲು ನಿಮ್ಮೋರನ್ನೇ ಇಬ್ಬರನ್ನ ಕಳಿಸು."

"ಹಟ್ಟಿಯೆಲ್ಲ ಒಂದೇ ಕುಲ ಸ್ವಾಮಿ. ಎಲ್ರಿಗೂ ಸೂತಕ."

"ಹಂಗಾದ್ರೆ ಮಧುಗಿರಿಗೆ ಹೋಗಿ ಮಾಲೀಕರನ್ನ ಕೇಳ್ಕೊ."

ಗುರುವಾರ ಮಧುಗಿರಿ. ಕೋಟೆಯ ಬುಡದ ಬೀದಿಯಲ್ಲಿ ಮಾಲೀಕನ ಮನೆ ಹುಡುಕಿ, ಅವನ ಪೂಜೆ ಮುಗಿಯುವವರೆಗೆ ಓಬಳಪ್ಪ ಬಿಸಿಲಲ್ಲಿ ಕಾದ. ಹಣೆಯ ತುಂಬ ನಾಮ ಧರಿಸಿ ಹೊರಬಂದ ಮಾಲೀಕ ಎಲ್ಲವನ್ನೂ ಕೇಳಿ, "ಅಯ್ಯೋ ಪಾಪ, ಪುಣ್ಯಾತ್ಗಿತ್ತಿ" ಎಂದು ಕಣ್ಣು ಒದ್ದೆ ಮಾಡಿಕೊಂಡ. ಒಳಗಿಂದ ಮಜ್ಜಿಗೆ ತರಿಸಿಕೊಟ್ಟ. ದುಡ್ಡು ಕೊಡಿಸಲಿಲ್ಲ.

"ನೋಡಪ್ಪಾ, ಗುಮಾಸ್ತರು ಹಾಕಿದ ಕಟ್ಟು ನಾನೇ ಮುರಿದರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ? ಟಿಕೀಟು ತಂದು ತೋರಿಸು. ಅರ್ಧ ಹರಿದಿದ್ದರೂ ಚಿಂತೆಯಿಲ್ಲ."

ಅರ್ಧ ಹರಿದಿದ್ದರೂ ಚಿಂತೆಯಿಲ್ಲ! ದಾರಿಯುದ್ದಕ್ಕೂ ಆ ಮಾತು ಓಬಳಪ್ಪನ ಕಿವಿಯಲ್ಲಿ ಜೀರುಂಡೆಯಂತೆ ಕೊರೆಯಿತು. ಹದಿನೆಂಟು ರೂಪಾಯಿ ತೆಗೆದುಕೊಳ್ಳುವಾಗ, ನೀನು ಯಾರು, ಯಾವ ಊರು ಎಂದು ಕೂಡ ಕೇಳಿರಲಿಲ್ಲ ಅವರು.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಜುಂಜಪ್ಪ ಗುದ್ದಲಿ ಹೆಗಲಿಗಿಟ್ಟು ಸಮಾಧಿಯ ಹತ್ತಿರ ನಿಂತಿದ್ದ. ಓಬಳಪ್ಪ ಹಿಂದೆಯೇ ಬಂದ.

"ಸೆರಗಿನ ತುದೀಲೇ ಐತೆ ಅಪ್ಪಾ. ಪಕ್ಕದಿಂದ ವಸಿ ಮಣ್ಣು ತೆಗುದ್ರೆ ಸಾಕು. ಅವ್ವನ ಮಕ ಕೂಡ ಕಾಣಾಕಿಲ್ಲ. ಅವ್ಳ ಋಣ ತೀರಾಕೆ ತಾನೆ ಮಾಡೋದು?"

ಓಬಳಪ್ಪ ಬಗ್ಗಿ ಸಮಾಧಿಯ ಕಡೆ ನೋಡಿದ. ಹಾಲುತುಪ್ಪ ಇಂಗಿದ ಕಡೆ ಮಣ್ಣಿನ ಮೇಲೆ ಇರುವೆಗಳು ಸಾಲುಗಟ್ಟಿದ್ದವು. ಮಗ ಗುದ್ದಲಿ ಎತ್ತಿದ. ಆಗ ಓಬಳಪ್ಪ ಮುಂದೆ ಬಂದು ಅದರ ಕಾವು ಹಿಡಿದುಕೊಂಡ.

"ಬ್ಯಾಡ ಕಣ್ಲಾ. ಅವ್ಳು ಮಲಗಿದ್ದು ನಾಲ್ಕು ದಿನ ಆಗಿಲ್ಲ. ಒಂಬತ್ತು ರೂಪಾಯ್ಗೆ ಎಬ್ಬುಸ್ಲಾ? ಅಂಗೆ ತಂದ ದುಡ್ಡು ಮುಟ್ಟಾಕೆ ತಿಮ್ಮಪ್ಪನಿಗೇ ಮನಸು ಬರಾಕಿಲ್ಲ. ನಡಿ."

ಒಂದು ಟಿಕೀಟಿನ ದುಡ್ಡಾದರೂ ಮುಡುಪು ಸೇರಲಿ ಎಂದು ಅಂದೇ ಮತ್ತೆ ಶಿರಾಕ್ಕೆ ನಡೆದ. ತನ್ನ ಟಿಕೀಟನ್ನು ಗುಮಾಸ್ತನ ಮುಂದಿಟ್ಟ. ನಂದೀಶ್ವರಯ್ಯ ಅದನ್ನು ಹರಿದು, ರಸೀದಿಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, ರದ್ದಿನ ಖರ್ಚೆಂದು ಹನ್ನೆರಡಾಣೆ ಮುರಿದುಕೊಂಡು ಉಳಿದದ್ದನ್ನು ಕೊಟ್ಟ. ಅಷ್ಟರಲ್ಲಿ ಪೇಟೆಯ ಕಮಲಾಕ್ಷಮ್ಮ ಎಂಬ ಮುದುಕಿ ಬಂದು, ನಾಳೆಯ ಗಾಡಿಯಲ್ಲಿ ಜಾಗವಿದೆಯೇ ಎಂದು ಕೇಳಿದಳು.

"ಇದೆ ತಾಯಿ. ಹದಿಮೂರು, ಹದಿನಾಲ್ಕು ಎರಡೂ ಖಾಲಿ. ಹದಿನಾಲ್ಕು ಕಿಟಕಿ ಪಕ್ಕ, ಗಾಳಿ ಬರ್ತದೆ."

ಮುದುಕಿ ಒಂಬತ್ತು ರೂಪಾಯಿ ಎಣಿಸಿಟ್ಟಳು. ಓಬಳಪ್ಪ ಬಾಗಿಲಲ್ಲೇ ನಿಂತ.

"ಸ್ವಾಮಿ, ಹದಿನಾಲ್ಕು ನಮ್ಮವಳದು. ಯಾರಾದ್ರೂ ಟಿಕೀಟು ಇಡ್ಕಂಡು ಬಂದ್ರೆ ಅಂದ್ರಲ್ಲ, ಈಗ ಎಂಗೆ ಮಾರಿದ್ರಿ? ಒಂದು ಸೀಟಿಗೆ ಎರಡು ಸಲ ದುಡ್ಡಾಯ್ತಲ್ಲ?"

"ಮಾರೋದು ಬೇರೆ, ವಾಪಸ್ ಕೊಡೋದು ಬೇರೆ. ಅದಕ್ಕೊಂದು ಪುಸ್ತಕ, ಇದಕ್ಕೊಂದು ಪುಸ್ತಕ" ಎಂದ ಗುಮಾಸ್ತ, ತಲೆಯೆತ್ತದೆ.

ಮುದುಕಿಗೆ ವಿಷಯ ತಿಳಿದು ಮುಖ ಸಪ್ಪಗಾಯಿತು. "ಸತ್ತೋರ ಜಾಗವೇನಪ್ಪಾ? ನಂಗೆ ಬೇಡ" ಎಂದು ದುಡ್ಡಿಗೆ ಕೈ ಚಾಚಿದಳು. ನಂದೀಶ್ವರಯ್ಯ ಆಗಲೇ ಅದನ್ನು ಪೆಟ್ಟಿಗೆಗೆ ಹಾಕಿ ಬೀಗ ತಿರುಗಿಸಿದ್ದ.

"ಆ ಸೀಟ್ನಾಗೇ ಕುಂತ್ಕಳವ್ವಾ, ತಪ್ಪು ನಿಂದಲ್ಲ" ಎಂದು ಓಬಳಪ್ಪ ಹೊರಗೆ ಬಂದ.

ಪೇಟೆ ದಾಟಿ, ಜನವಿಲ್ಲದ ಕಡೆ ಒಂದು ಬೇವಿನ ಮರದಡಿ ಕೂತು, ಸೊಂಟದಿಂದ ಅರಿಸಿನದ ಬಟ್ಟೆ ತೆಗೆದು, ಸಿಕ್ಕಿದ ದುಡ್ಡನ್ನು ಹಾಕಿ ಗಂಟು ಬಿಗಿದ. ಗಂಟು ಹಗುರವಾಗಿತ್ತು. ಐದು ದಿನದಿಂದ ಯಾರ ಮುಂದೆಯೂ ಅಳದವನಿಗೆ ಅಲ್ಲಿ ಅಳು ಬಂತು. ಮುಖ ಒರೆಸಿಕೊಂಡು ಮೂಡಲಿಗೆ ತಿರುಗಿ ಕೈ ಮುಗಿದ.

"ತಿಮ್ಮಪ್ಪಾ, ನನ್ನ ಕೈಗೆ ಬಂದಿದ್ದು ಇಷ್ಟೇ. ಉಳಿದಿದ್ದು ಶಿರಾದ ಪೆಟ್ಟಿಗೇಲಿ ಐತೆ. ಕೇಳಿ ಕೇಳಿ ನನ್ನ ಕಾಲು ಸೋತ್ವು. ಬಡ್ಡಿ ಸಮೇತ ವಸೂಲು ಮಾಡೋನು ನೀನು, ಅವ್ರ ತಾವೇ ಇಸ್ಕೊ. ಅವ್ಳ ತಾವ ಬಾಕಿ ಕೇಳ್ಬ್ಯಾಡ ನನ್ನಪ್ಪಾ. ಅವ್ಳು ಒಂದು ಕಾಸೂ ಇಟ್ಕಳಲಿಲ್ಲ. ನಡೆದು ನಡೆದು ದಣಿದೋಳು, ನಿನ್ನ ಪಾದದ ತಾವ ನೆರಳು ಕೊಡು. ಅವ್ಳ ಜೀವ ತಣ್ಣಗಿರ್ಲಿ."