ಕೊಕ್ಕಿಲ್ಲದ ಗಿಳಿ

ಸಕ್ಕರೆ ಅಚ್ಚಿನ ಗಿಳಿಗೆ ಮೊದಲು ಮುರಿಯುವುದು ಕೊಕ್ಕು. ಮರದ ಅಚ್ಚಿಗೆ ಪಾಕ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸುವಾಗ ಆನೆ ಸೊಂಡಿಲ ಸಮೇತ ಬರುತ್ತದೆ, ಕಳಸ ಬರುತ್ತದೆ, ಗೋಪುರವೂ ಬರುತ್ತದೆ. ಗಿಳಿಯ ಕೊಕ್ಕು ಮಾತ್ರ ಅಚ್ಚಿನಲ್ಲೇ ಉಳಿದುಬಿಡುತ್ತದೆ. ಹಾಗಾಗಿ ನಮ್ಮ ಊರಿನಲ್ಲಿ ಸಂಕ್ರಾಂತಿಯ ದಿನ ಕೊಕ್ಕಿರುವ ಗಿಳಿ ಯಾರ ತಟ್ಟೆಗೆ ಬಿತ್ತೋ ಆ ಮಗುವಿನ ಹಿಂದೆ ಬೀದಿಯ ಮಕ್ಕಳೆಲ್ಲ ನಡೆಯುತ್ತಿದ್ದರು. ಆ ವರ್ಷ ಅದು ಬಿದ್ದದ್ದು ನನ್ನ ಮಗಳು ಅಂಬುಜಳ ತಟ್ಟೆಗೆ. ಆ ಗಿಳಿಯಿಂದ ನಮ್ಮ ಮನೆಯಲ್ಲಿ ಏನಾಯಿತೆಂದು ಹೇಳುವಾಗ ಜನ ಈಗಲೂ ನನ್ನ ಮುಖವನ್ನೇ ನೋಡುತ್ತಾರೆ, ಎಲ್ಲಾದರೂ ನಾಚಿಕೆಯ ಸುಳಿವು ಸಿಕ್ಕೀತೇ ಎಂದು. ಸಿಗುವುದಿಲ್ಲ.

ನಮ್ಮ ಅತ್ತೆ ತುಂಗಮ್ಮನವರು ಕೆಟ್ಟವರೆಂದು ನಾನು ಯಾವತ್ತೂ ಹೇಳಿಲ್ಲ. ನನ್ನ ಎರಡು ಬಾಣಂತನಗಳನ್ನೂ ಅವರೇ ಮಾಡಿದವರು; ನನ್ನ ತಾಯಿ ಕೂಡ ಅಷ್ಟು ಮಾಡುತ್ತಿದ್ದಳೋ ಇಲ್ಲವೋ. ಆದರೆ ಮನೆಯ ಒಳಗೆ ಬಂದ ಪ್ರತಿಯೊಂದು ವಸ್ತುವಿಗೂ ಅವರೇ ಜಾಗ ತೋರಿಸಬೇಕು. ಸಂಕ್ರಾಂತಿಯ ಸಂಜೆ ಮಕ್ಕಳು ಮನೆಮನೆ ತಿರುಗಿ ಎಳ್ಳು ಬೀರಿ ಬಂದರೆಂದರೆ ಅವರು ನಡುಮನೆಯಲ್ಲಿ ಮೊರ ಹಾಕಿಕೊಂಡು ಕೂತಿರುತ್ತಿದ್ದರು. ತಂದದ್ದೆಲ್ಲ ಆ ಮೊರಕ್ಕೆ ಸುರಿಯಬೇಕು. ಎಳ್ಳುಬೆಲ್ಲ ಒಂದು ಡಬ್ಬಿಗೆ. ಅದರಲ್ಲಿ ಊಟವಾದ ಮೇಲೆ ಮಕ್ಕಳಿಗೆ ಒಂದು ಚಿಟಿಕೆ. ಮುರಿದ ಅಚ್ಚುಗಳು ಕಾಫಿಯ ಸಕ್ಕರೆ ಡಬ್ಬಿಗೆ. ಇಡಿಯಾಗಿರುವ ಅಚ್ಚುಗಳು ಮುಚ್ಚಳವಿದ್ದ ಹಿತ್ತಾಳೆ ಡಬ್ಬಿಗೆ, ಅಡುಗೆಮನೆಯ ಗೂಡಿಗೆ.

ಆ ಹಿತ್ತಾಳೆ ಡಬ್ಬಿಯಿಂದ ಮಕ್ಕಳಿಗೆ ಏನೂ ಬರುತ್ತಿರಲಿಲ್ಲ. ನಮ್ಮಲ್ಲಿ ಎಳ್ಳು ಬೀರುವುದು ಹಬ್ಬದ ದಿನವೇ ಮುಗಿಯುವುದಿಲ್ಲ; ರಥಸಪ್ತಮಿಯವರೆಗೂ ಬರುವವರು ಬರುತ್ತಲೇ ಇರುತ್ತಾರೆ. ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಮಕ್ಕಳು ಕಾಲು ನೋಯಿಸಿಕೊಂಡು ತಂದ ಅಚ್ಚುಗಳನ್ನೇ ಅತ್ತೆ ಒಂದೊಂದಾಗಿ ಬಂದವರ ಕೈಗಿಟ್ಟು ಮರ್ಯಾದೆ ಉಳಿಸಿಕೊಳ್ಳುತ್ತಿದ್ದರು. ಮಕ್ಕಳು ಕೇಳಿದರೆ ಉತ್ತರ ಸಿದ್ಧವಿತ್ತು: ಹಲ್ಲು ಹುಳುಕಾಗುತ್ತೆ, ಹೊಟ್ಟೇಲಿ ಜಂತುಹುಳ ಆಗುತ್ತೆ.

ಅದರ ಹಿಂದಿನ ವರ್ಷ ಅಂಬುವಿನ ಆನೆ ಹಾಗೇ ಹೋಗಿತ್ತು. ಹೋದದ್ದು ಅವಳಿಗೆ ಗೊತ್ತಾದದ್ದು ಪಕ್ಕದ ಬೀದಿಯ ಹುಡುಗಿಯೊಬ್ಬಳು ಅದನ್ನು ಚೀಪುತ್ತಾ ನಮ್ಮ ಮನೆಯ ಮುಂದೆಯೇ ಹಾದುಹೋದಾಗ. ಸೊಂಡಿಲು ಆಗಲೇ ಕರಗಿಹೋಗಿತ್ತು. ಅಂಬು ಆ ದಿನ ಊಟ ಮಾಡಲಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡು ಮೊಸರನ್ನ ಕಲೆಸುತ್ತಾ ಕೂತಿದ್ದೆ. ಸೊಸೆಯಾಗಿ ಬಂದಾಗಿನಿಂದ ಹಾಕಿಕೊಂಡ ಬೀಗ ಅದು. ತೆಗೆಯಬಹುದೆನ್ನುವುದೇ ನನಗೆ ಮರೆತುಹೋಗಿತ್ತು.

ಈ ಸಲ ಗಿಳಿ ಸಿಕ್ಕಿದ ಕೂಡಲೇ ಅವಳು ತಟ್ಟೆಯನ್ನು ಎದೆಗವಚಿಕೊಂಡು ಓಡಿಬಂದು ನನ್ನನ್ನು ಹಿತ್ತಿಲ ಬಾಗಿಲಲ್ಲೇ ಹಿಡಿದಳು. ಆರು ವರ್ಷದ ಹುಡುಗಿ, ಉದ್ದ ಲಂಗ ಕಾಲಿಗೆ ತೊಡರುತ್ತಿತ್ತು, ಮುಡಿದ ಹೂ ಬಾಡಿ ಕಿವಿಯ ಮೇಲೆ ಜೋತಿತ್ತು.

"ಅಮ್ಮ, ಕೊಕ್ಕಿದೆ ನೋಡು. ಇದು ನಂದೇ ತಾನೆ?"

"ನಿಂದೇ."

"ಅಜ್ಜಿ ತಗೊಂಡ್ರೆ?"

"ಯಾರೂ ತಗೊಳಲ್ಲ. ನಾನಿದೀನಲ್ಲ," ಎಂದುಬಿಟ್ಟೆ.

ಹೇಳಿದ ಮೇಲೆ ನನಗೇ ದಿಗಿಲಾಯಿತು. ಆದರೆ ಅವಳ ಮುಖ ಎಷ್ಟು ಅರಳಿತೆಂದರೆ ಆ ಮಾತನ್ನು ವಾಪಸು ತೆಗೆದುಕೊಳ್ಳುವ ದಾರಿಯೇ ಉಳಿಯಲಿಲ್ಲ.

ಸಂಜೆ ಮೊರದ ಮುಂದೆ ನಿಂತು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ, "ಅತ್ತೆ, ಆ ಗಿಳಿಯೊಂದನ್ನ ಅವಳಿಗೇ ಬಿಟ್ಟುಬಿಡಿ," ಎಂದೆ.

ಅತ್ತೆ ಗಿಳಿಯನ್ನು ಬೆಳಕಿಗೆ ಹಿಡಿದು ಕೊಕ್ಕನ್ನು ನೋಡಿದರು. "ಇಂಥದ್ದು ಸಿಗೋದೇ ಕಷ್ಟ. ವಕೀಲರ ಮನೆ ಶಾಂಭವಮ್ಮ ಬರ್ತಾರೆ, ಅವರ ತಟ್ಟೆಗೆ ಲಕ್ಷಣವಾಗಿರುತ್ತೆ. ಮಕ್ಕಳಿಗೆ ಏನೇ ಗೊತ್ತಾಗುತ್ತೆ, ಕೊಕ್ಕಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ." ಗಿಳಿ ಡಬ್ಬಿಗೆ ಹೋಯಿತು. ಮುಚ್ಚಳ ಬಿತ್ತು.

ಅದೇ ಹೊತ್ತಿಗೆ ನನ್ನ ಮಗ ಗುಂಡ, ಮೂರು ವರ್ಷದ ಪೋರ, ಮೊರದಲ್ಲಿದ್ದ ಬಾಳೆಹಣ್ಣಿಗೆ ಬಾಯಿ ಹಾಕಿದ. ಅತ್ತೆ ಹೌಹಾರಿ ಅದನ್ನು ಉಳಿದ ಹಣ್ಣಿನಿಂದ ದೂರ ಸರಿಸಿದರು. "ಅಯ್ಯೋ, ಎಂಜಲು ಮಾಡಿಬಿಟ್ಯಲ್ಲೋ! ಇನ್ನು ಇದನ್ನ ಯಾರಿಗೂ ಕೊಡೋ ಹಾಗಿಲ್ಲ. ತಗೋ, ನೀನೇ ತಿನ್ನು." ಗುಂಡ ಖುಷಿಯಾಗಿ ತಿಂದ. ಅಂಬು ಅಳಲಿಲ್ಲ, ಹಟ ಮಾಡಲಿಲ್ಲ. ಅವನು ಹಣ್ಣು ತಿನ್ನುವುದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಮಲಗುವ ಮುಂಚೆ ಮಾತ್ರ ನನ್ನನ್ನು ಕೇಳಿದಳು. "ಅಮ್ಮ, ಈ ಮನೇಲಿ ನಿನ್ನ ಮಾತು ನಡೆಯಲ್ವಾ?"

ಚುಚ್ಚಬೇಕೆಂದು ಕೇಳಿದ್ದಲ್ಲ. ನಾಳೆ ಮಳೆ ಬರುತ್ತಾ ಎಂದು ಕೇಳುವ ಹಾಗೆ, ತಿಳಿದುಕೊಳ್ಳಲೆಂದು ಕೇಳಿದ್ದು. ನಡೆಯಲ್ಲ ಎಂದರೆ ಅವಳು ನಂಬುತ್ತಾಳೆ, ಮತ್ತೆ ಜನ್ಮದಲ್ಲಿ ನನ್ನ ಹತ್ತಿರ ಏನನ್ನೂ ಕೇಳುವುದಿಲ್ಲ. ನಡೆಯುತ್ತೆ ಎನ್ನಲು ನನ್ನ ಬಳಿ ಆಧಾರವಿರಲಿಲ್ಲ. "ಮಲಕೋ," ಎಂದು ಹೊದಿಕೆ ಎಳೆದೆ.

ಮರುದಿನದಿಂದ ಅಂಬು ಅದೆಷ್ಟು ಒಳ್ಳೆಯ ಹುಡುಗಿಯಾದಳೆಂದರೆ ಅತ್ತೆಗೇ ಆಶ್ಚರ್ಯ. ಅವರು ಮಧ್ಯಾಹ್ನ ಅಡ್ಡಾದಾಗ ಸದ್ದು ಮಾಡುತ್ತಿರಲಿಲ್ಲ. ತಮ್ಮನನ್ನು ಬೀದಿಗೆ ಬಿಡದೆ ಒಳಗೇ ಆಡಿಸುತ್ತಿದ್ದಳು. ನಾನು ಆ ಹೊತ್ತಿನಲ್ಲಿ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿರುತ್ತಿದ್ದೆ. "ನೋಡಿದ್ಯಾ, ಸಕ್ಕರೆ ಕಡಿಮೆ ಮಾಡಿದ್ದಕ್ಕೆ ಮಕ್ಕಳು ಹೇಗೆ ತಣ್ಣಗಾಗಿವೆ," ಎಂದು ಅತ್ತೆ ಬೀಗಿದರು. ಒಂದೇ ಒಂದು ತೊಂದರೆಯೆಂದರೆ ಇಬ್ಬರಿಗೂ ನಾಲಿಗೆ ಉರಿಯತೊಡಗಿತು. ಸಾರು ಬಾಯಿಗಿಟ್ಟರೆ ಗುಂಡ ಹೋ ಎನ್ನುತ್ತಿದ್ದ. ಉಷ್ಣವೆಂದು ಅತ್ತೆ ತೀರ್ಮಾನ ಕೊಟ್ಟರು, ನಾನು ಇಬ್ಬರ ನಾಲಿಗೆಗೂ ತುಪ್ಪ ಸವರಿದೆ. ಅಂಬು ತುಪ್ಪ ಸವರಿಸಿಕೊಳ್ಳುವಾಗ ನನ್ನ ಕಣ್ಣು ತಪ್ಪಿಸುತ್ತಿದ್ದಳು.

ರಥಸಪ್ತಮಿಗೆ ಮುಂಚೆ ಶಾಂಭವಮ್ಮನವರು ಬಂದರು. ಮಡಿಯ ವಿಷಯದಲ್ಲಿ ಊರಿಗೇ ಅವರದು ಕೊನೆಯ ಮಾತು. ಯಾರ ಮನೆಯಲ್ಲೂ ಲೋಟ ಮುಟ್ಟುತ್ತಿರಲಿಲ್ಲ. ನಮ್ಮ ಮನೆಯಲ್ಲಿ ನೀರು ಕುಡಿಯುತ್ತಾರೆನ್ನುವುದೇ ಅತ್ತೆಯ ದೊಡ್ಡ ಹೆಮ್ಮೆ. ಅತ್ತೆ ಬೆಳ್ಳಿ ತಟ್ಟೆಗೆ ಎಳ್ಳು, ಕಬ್ಬಿನ ತುಂಡು, ಎಲೆ ಅಡಿಕೆ, ಬಾಳೆಹಣ್ಣು ಜೋಡಿಸಿ, ಎಲ್ಲಕ್ಕೂ ಮೇಲೆ ಗಿಳಿಯನ್ನಿಟ್ಟು, ಕುಂಕುಮ ಕೊಟ್ಟು ತಟ್ಟೆ ಮುಂದೆ ಚಾಚಿದರು. ಶಾಂಭವಮ್ಮನವರು ಸೆರಗೊಡ್ಡಿದರು.

"ಅಜ್ಜಿ, ಅದು ಎಂಜಲು."

ಅಂಬು ಕಂಬದ ಪಕ್ಕ ನಿಂತಿದ್ದಳು. ಕೈಗಳೆರಡೂ ಬೆನ್ನ ಹಿಂದೆ.

"ಏನಂದೆ?"

"ಗಿಳಿ. ನಾನು ನೆಕ್ಕಿದೀನಿ. ನಂದು ಅದು." ಸ್ವಲ್ಪ ತಡೆದು, ಹೇಳುವುದು ಹೇಳಿಯೇಬಿಡೋಣವೆಂದು ತೀರ್ಮಾನಿಸಿದವಳ ಹಾಗೆ ಮುಂದುವರಿಸಿದಳು. "ಆನೇನೂ ನೆಕ್ಕಿದೀನಿ. ಕಳಸಾನೂ. ಡಬ್ಬೀಲಿರೋದೆಲ್ಲಾನೂ. ನಂಗೆ ನಾಲಿಗೆ ಉರಿದಾಗ ಗುಂಡ ನೆಕ್ಕಿದ."

ಗುಂಡ ಹೌದೆಂದು ಸಾಕ್ಷಿ ಹೇಳುವವನಂತೆ ನಾಲಿಗೆ ಹೊರಚಾಚಿ ತೋರಿಸಿದ.

ಶಾಂಭವಮ್ಮನವರು ಸೆರಗನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು. "ಮೊನ್ನೆ ಅರ್ಚಕರ ಮನೆಯವರಿಗೂ ಇಲ್ಲಿಂದಲೇ ಕೊಟ್ಟಿದ್ರಲ್ಲ ತುಂಗಮ್ಮ?"

ಉತ್ತರ ಕೊಟ್ಟದ್ದು ಅಂಬು. "ಅವರಿಗೆ ಕೊಟ್ಟಿದ್ದು ಗೋಪುರ. ಗೋಪುರ ನಾನು ನೆಕ್ಕಿಲ್ಲ. ಅದು ದೇವಸ್ಥಾನ ಅಲ್ವಾ?"

ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆದರೆ ಅತ್ತೆ ಆಗಲೇ ಅವಳ ರಟ್ಟೆ ಹಿಡಿದಿದ್ದರು. "ನನ್ನ ಮರ್ಯಾದೆ ಬೀದಿಗೆ ತಂದ್ಯಲ್ಲೇ ಪೀಡೆ! ಏನೇ, ನಿಂತ್ಕೊಂಡು ಏನು ನೋಡ್ತಿದೀಯ?" ಎಂದು ನನ್ನ ಕಡೆ ತಿರುಗಿದರು. "ಆ ಗಿಳಿ, ಆ ಡಬ್ಬಿ, ಎಲ್ಲಾ ತಗೊಂಡ್ಹೋಗಿ ತಿಪ್ಪೆಗೆ ಸುರಿ. ಇವಳ ಕಣ್ಣೆದುರಿಗೇ ಸುರಿ. ಒಂದು ಚೂರು ಇವಳ ಬಾಯಿಗೆ ಬೀಳಕೂಡದು."

ನಾನು ತಟ್ಟೆಯಿಂದ ಗಿಳಿಯನ್ನು ಎತ್ತಿಕೊಂಡೆ. ಅಂಬು ನನ್ನನ್ನು ನೋಡುತ್ತಿದ್ದಳು. ಆ ರಾತ್ರಿ ಕೇಳಿದ ಪ್ರಶ್ನೆ ಇನ್ನೂ ಅವಳ ಮುಖದ ಮೇಲೆ ಹಾಗೇ ಇತ್ತು, ಉತ್ತರ ಇನ್ನೂ ನನ್ನ ಬಾಯಲ್ಲೇ ಇತ್ತು. ಹಿತ್ತಿಲಿಗೆ ಹೋಗುವ ಬಾಗಿಲು ನನ್ನ ಬಲಕ್ಕೆ. ನಾನು ಆ ಕಡೆ ಹೆಜ್ಜೆ ಇಡಲಿಲ್ಲ. ಶಾಂಭವಮ್ಮನವರ ಎದುರಿಗೇ, ನಡುಮನೆಯ ನಡುವೆ ನಿಂತು, ಗಿಳಿಯ ಕೊಕ್ಕನ್ನು ಕಟಕ್ಕನೆ ಕಚ್ಚಿ ತಿಂದೆ.

ಆ ಶಬ್ದ ಎಲ್ಲರಿಗೂ ಕೇಳಿಸಿತು.

"ನನ್ನ ಮಗಳ ಎಂಜಲು ನನಗೆ ಎಂಜಲಲ್ಲ," ಎಂದೆ. "ಮನೆಮನೆ ತಿರುಗಿದ ಕಾಲು ಅವಳದು ಅತ್ತೆ. ಇದು ಅವಳದು ಅಂತ ನಾನು ಮಾತು ಕೊಟ್ಟಿದೀನಿ. ತಿಪ್ಪೆಗೆ ಸುರಿಯಲ್ಲ."

"ನನಗೇ ಎದುರು ಮಾತಾಡ್ತೀಯಾ?"

"ಆಡ್ತಿದೀನಿ."

ಅಷ್ಟೇ. ಅದಕ್ಕಿಂತ ದೊಡ್ಡ ಮಾತೇನೂ ನನಗೆ ಆಗ ಹೊಳೆಯಲಿಲ್ಲ, ಈಗಲೂ ಹೊಳೆಯುವುದಿಲ್ಲ. ಗೂಡಿನಿಂದ ಹಿತ್ತಾಳೆ ಡಬ್ಬಿ ತಂದು, ನೆಲದ ಮೇಲೆ ಕೂತು, ಮುಚ್ಚಳ ತೆಗೆದು ಮಕ್ಕಳ ಮುಂದಿಟ್ಟೆ. ಗಿಳಿಯನ್ನು ಅಂಬುವಿನ ಕೈಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಕೊಕ್ಕು ಯಾಕೆ ತಿಂದೆ? ನಂದು ಅಂದಿದ್ಯಲ್ಲ!" ಎಂದು ಜೋರು ಮಾಡಿದಳು.

ನನಗೆ ನಗುವೂ ಬಂತು, ಅಳುವೂ ಬಂತು. ನನ್ನ ಮಾತಿಗೆ ಈ ಮನೆಯಲ್ಲಿ ಲೆಕ್ಕ ಕೇಳುವವರು ಒಬ್ಬರಾದರೂ ಹುಟ್ಟಿಕೊಂಡರಲ್ಲ! ಶಾಂಭವಮ್ಮನವರು ಯಾವಾಗ ಎದ್ದು ಹೋದರೋ ನಾನು ನೋಡಲಿಲ್ಲ.

ಸಂಜೆ ಯಜಮಾನರು ಬಂದು, ಅಮ್ಮನ ಬಿಗಿದ ಮುಖ ನೋಡಿ, ನನ್ನನ್ನು ಒಳಗೆ ಕರೆದರು. "ಒಂದು ಸಕ್ಕರೆ ಗಿಳಿಗೆ ಇಷ್ಟೆಲ್ಲ ಬೇಕಿತ್ತಾ?"

"ಬೇಕಿತ್ತು. ಮುಂದಿನ ಸಂಕ್ರಾಂತಿಗೂ ಬೇಕಾದರೆ ಮುಂದಿನ ಸಂಕ್ರಾಂತಿಗೂ ಮಾಡ್ತೀನಿ," ಎಂದೆ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ.

ಅತ್ತೆ ಬಹಳ ದಿನ ನನ್ನೊಂದಿಗೆ ಮಾತು ಬಿಟ್ಟರು. ನಾನು ಕಾಫಿ ಲೋಟ ಅವರ ಪಕ್ಕ ಇಡುತ್ತಿದ್ದೆ, ಅವರು ಗೋಡೆ ನೋಡುತ್ತಾ ಕುಡಿಯುತ್ತಿದ್ದರು. ಶಾಂಭವಮ್ಮನವರು ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದರು, ಅದಕ್ಕೆ ಅತ್ತೆಗೆ ಆದ ನೋವು ಸುಳ್ಳಲ್ಲ. ನನಗೂ ಅದು ಕಾಣುತ್ತಿತ್ತು. ಕಂಡರೂ ನಾನು ಕ್ಷಮೆ ಕೇಳಲಿಲ್ಲ. ಇನ್ನು ಮಕ್ಕಳ ವಿಷಯ: ಡಬ್ಬಿ ತಮ್ಮದೇ ಆದ ಮೇಲೆ ಅವರು ಒಂದೆರಡು ತಿಂದು ಸಾಕೆಂದರು. ಉಳಿದದ್ದನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ಮದುವೆ ಆಟ ಆಡಿದರು. ಬೀದಿಯ ಮಕ್ಕಳಿಗೆ ಹಂಚಿದರು. ಇರುವೆಗಳೂ ತಮ್ಮ ಪಾಲು ತೆಗೆದುಕೊಂಡವು. ಯಾರ ಹಲ್ಲೂ ಉದುರಲಿಲ್ಲ.

ಮರುವರ್ಷ ಹಬ್ಬಕ್ಕೆ ಮುಂಚೆ ಅತ್ತೆ ಅಟ್ಟದಿಂದ ತಮ್ಮ ತಾಯಿಯ ಮನೆಯ ಮರದ ಅಚ್ಚುಗಳನ್ನು ಇಳಿಸಿ ತಾವೇ ಪಾಕ ಹೊಯ್ದರು. ಅಂಬು ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ಕದಲದೆ. ಅತ್ತೆ ಅಚ್ಚಿನ ಎರಡು ಹೋಳಿಗೆ ಸುತ್ತಿದ್ದ ದಾರ ಬಿಚ್ಚಿ ಗಿಳಿಯನ್ನು ಮೆಲ್ಲಗೆ ಬಿಡಿಸಿದರು. ಎಂದಿನಂತೆ ಕೊಕ್ಕು ಮುರಿಯಿತು. ಮುರಿದದ್ದು ಕಾಫಿಯ ಸಕ್ಕರೆ ಡಬ್ಬಿಗೆ ಹೋಗಬೇಕು, ಆ ಡಬ್ಬಿ ಅವರ ಮಗ್ಗುಲಲ್ಲೇ ಇತ್ತು. ಅವರ ಕೈ ಅದರ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಯಾರ ಮುಖವನ್ನೂ ನೋಡದೆ ಗಿಳಿಯನ್ನು ಮೊಮ್ಮಗಳ ಮುಂದೆ ಇಟ್ಟರು.

ಅಂಬು ಅದನ್ನು ಕೈಗೆತ್ತಿಕೊಂಡಳು. ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟು, ಬಾಲದಿಂದ ತಲೆಯವರೆಗೆ ಒಂದು ಸಲ ನಿಧಾನವಾಗಿ ನೆಕ್ಕಿದಳು. ಅತ್ತೆ ಮುಂದಿನ ಅಚ್ಚಿಗೆ ದಾರ ಸುತ್ತತೊಡಗಿದರು. ಕಿಟಕಿಯ ಬಿಸಿಲಿನಲ್ಲಿ ಆ ಕೊಕ್ಕಿಲ್ಲದ ಗಿಳಿಯ ಒದ್ದೆ ಬೆನ್ನು ಹೊಳೆಯುತ್ತಿತ್ತು.