ಹಗ್ಗದ ಪುಸ್ತಕ

ಮೋನಿಕಾಳಿಗೆ ಜಾಗದಲ್ಲಿ ನಿಲ್ಲುವ ಎಡಭುಜ ಇರಲಿಲ್ಲ. ಉಳಿದದ್ದೆಲ್ಲ ಇತ್ತು: ಇಪ್ಪತ್ತೊಂದರ ವಯಸ್ಸು, ಉಡದಂಥ ಹಿಡಿತ, ದಕ್ಷಿಣ ವಲಯದ ಕ್ಲೈಂಬಿಂಗ್ ಸ್ಪರ್ಧೆಗೆ ಆಯ್ಕೆಯಾದ ಪತ್ರ. ಸ್ಪರ್ಧೆಗೆ ಆರು ವಾರ ಬಾಕಿ.

ಭುಜ ಕಳಚಿದರೆ ಅವಳು ಅಳುತ್ತಿರಲಿಲ್ಲ. ಬೆಂಚಿನ ಮೇಲೆ ಬೋರಲು ಮಲಗಿ, ಕೈ ಇಳಿಬಿಟ್ಟು, ಮಣಿಕಟ್ಟಿಗೆ ನೀರಿನ ಕ್ಯಾನು ಕಟ್ಟಿಸಿಕೊಂಡು ಹಲ್ಲು ಕಚ್ಚುತ್ತಿದ್ದಳು. ಹತ್ತು ನಿಮಿಷದಲ್ಲಿ ಕಟಕ್ಕೆಂದು ಮೂಳೆ ಗೂಡು ಸೇರುತ್ತಿತ್ತು. ಎದ್ದು ಕೂತು ಟೀ ಕೇಳುತ್ತಿದ್ದಳು. ಪದಕ ಗೆದ್ದಾಗಲೂ ಅವಳಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.

ಹಾಗಾಗಿ ಶಿವಮೊಗ್ಗದ ಮೂಳೆ ಡಾಕ್ಟರು ವಾದಿರಾಜ "ಎಷ್ಟು ಸಲ ಕಳಚಿದೆ?" ಎಂದು ಕೇಳಿದಾಗ ಯೋಚನೆಯನ್ನೂ ಮಾಡದೆ "ಎರಡು" ಎಂದಳು. ಎರಡು ಸಲ ಆಸ್ಪತ್ರೆಯಲ್ಲಿ ಕೂರಿಸಿದ್ದರು. ತಾನೇ ಕೂರಿಸಿಕೊಂಡದ್ದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಎರಡೇ ಆದ್ರೆ ಆಪರೇಷನ್ನಿಗೆ ಅವಸರ ಬೇಡ," ಎಂದರು ಡಾಕ್ಟರು. "ಮೂರು ತಿಂಗಳು ವ್ಯಾಯಾಮ ಮಾಡಿ ನೋಡೋಣ. ಹುಷಾರಾಗಿ ಹತ್ತು. ಮತ್ತೆ ಮತ್ತೆ ಕಳಚ್ತಾ ಇದ್ರೆ ಮಾತ್ರ ಆಪರೇಷನ್. ಆಮೇಲೆ ಎಂಟೊಂಬತ್ತು ತಿಂಗಳು ಗೋಡೆ ಮುಟ್ಟೋ ಹಾಗಿಲ್ಲ."

"ಹತ್ತು" ಎಂದದ್ದಷ್ಟೇ ಅವಳ ಕಿವಿಗೆ ಬಿತ್ತು. "ಹುಷಾರಾಗಿ" ಎಂದದ್ದು ಬೀಳಲಿಲ್ಲ.

ಅವಳು ಹತ್ತುತ್ತಿದ್ದ ಗೋಡೆ ಇದ್ದದ್ದು ಸವಳಂಗ ರಸ್ತೆಯ ಹಿಂದಿನ ಹಳೇ ಗೋದಾಮಿನಲ್ಲಿ. ಕಲಿಸುತ್ತಿದ್ದ ಮಂಜಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನಿಗೆ ಭಾರ ಕಟ್ಟಿದವರು. ಅಲ್ಲಿನ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದರು. ಪ್ರತಿ ಹಗ್ಗಕ್ಕೂ ಒಂದು ನಂಬರು. ಹಗ್ಗ ಜಗ್ಗುವಂತೆ ಯಾರು ಬಿದ್ದರೂ ಪುಸ್ತಕದಲ್ಲಿ ಬರೆಯಬೇಕು. ಹತ್ತು ಸಲವಾದರೆ, ಹಗ್ಗ ನೋಡಲು ಎಷ್ಟೇ ಗಟ್ಟಿಯಿರಲಿ, ತುಂಡು ತುಂಡು ಮಾಡಿಬಿಡುವುದು, ಯಾರೂ ಮರೆತು ಮತ್ತೆ ಕಟ್ಟಿಕೊಳ್ಳದಂತೆ. ಅಕ್ಷರ ದುಂಡಗಿದೆಯೆಂದು ಪುಸ್ತಕ ಬರೆಯುವ ಕೆಲಸ ಮೋನಿಕಾಳಿಗೇ ಬಿದ್ದಿತ್ತು.

ಬುಧವಾರ ಸಂಜೆ ಎಂಟನೇ ಮೀಟರಿನಲ್ಲಿ ಎಡಗೈ ಚಾಚಿದಳು. ಭುಜ ಕಳಚಿತು. ಬಿದ್ದಳು. ಕೆಳಗೆ ಹಗ್ಗ ಹಿಡಿದಿದ್ದ ಗೆಳತಿ ಅನುಷಾ ಅವಳನ್ನು ಮೆಲ್ಲಗೆ ಇಳಿಸಿದಳು. ಬೆಂಚು, ಕ್ಯಾನು, ಕಟಕ್.

"ಮಾರಾಯ್ತಿ, ಇದೇನು ಭುಜನೋ ಡಬ್ಬಿ ಮುಚ್ಚಳನೋ?" ಎಂದಳು ಅನುಷಾ.

"ಮುಚ್ಚಳ ಹಾಕೋಕೆ ನಂಗೆ ಬರುತ್ತಲ್ಲ, ಬಿಡೇ. ಪುಸ್ತಕ ಕೊಡು."

ನಾಲ್ಕನೇ ನಂಬರಿನ ಹಗ್ಗಕ್ಕೆ ಅದು ಹತ್ತನೇ ಸಾಲು. ಮಂಜಪ್ಪ ಚಾಕು ತಂದು ನೆಲದ ಮೇಲೆ ಕೂತರು.

"ಚೆನ್ನಾಗೇ ಇದೆಯಲ್ಲ ಸರ್ ಹಗ್ಗ?"

"ಮೇಲೆ ಚೆನ್ನಾಗಿದೆ. ಒಳಗೆ ಎಷ್ಟು ಎಳೆ ಹೋಗಿದೆಯೋ, ನಿಂಗೆ ಕಾಣುತ್ತಾ, ನಂಗೆ ಕಾಣುತ್ತಾ?"

ಅವಳು ಪುಸ್ತಕದ ಹಿಂದಿನ ಪುಟಗಳನ್ನು ತಿರುವಿ ತನ್ನ ಹೆಸರಿದ್ದಲ್ಲೆಲ್ಲ ಬೆರಳಿಟ್ಟಳು. ಇದು ಕಾಲು ಜಾರಿದ್ದು. ಇದು ಭುಜ. ಇದೂ ಭುಜ. ಇದು ಮಳೆಯ ದಿನ, ಭುಜವೇ. ಭುಜದ್ದೇ ಒಟ್ಟು ಒಂಬತ್ತು. ಅದರಲ್ಲಿ ಐದು ಈಚಿನ ಎರಡೇ ತಿಂಗಳಿನವು. ಎಲ್ಲ ಅವಳದೇ ಕೈಬರಹ.

"ಸರ್, ನನ್ನ ಭುಜ ಒಂಬತ್ತು ಸಲ ಕಳಚಿದೆ. ಡಾಕ್ಟರಿಗೆ ಎರಡು ಅಂದಿದೀನಿ."

ಚಾಕು ನಿಂತಿತು. ಈ ಗೋಡೆಯಿಂದ ವಲಯದ ಸ್ಪರ್ಧೆಗೆ ಆಯ್ಕೆಯಾದವಳು ಅವಳೊಬ್ಬಳೇ. ಮಂಜಪ್ಪ ನೆಲ ನೋಡುತ್ತ ಹೇಳಿದರು, "ಆರು ವಾರ ತಾನೆ. ಟೇಪು ಸುತ್ಕೊಂಡು ಹೋಗಿ ಬಂದ್ಬಿಟ್ರೆ?"

"ಈ ಹಗ್ಗಕ್ಕೆ ಟೇಪು ಸುತ್ತಿ ಅನುಷಾನ ಹತ್ತಿಸ್ತೀರಾ ಸರ್?"

ಮಂಜಪ್ಪ ಉಳಿದ ಹಗ್ಗವನ್ನು ಕತ್ತರಿಸಿ ಮುಗಿಸಿದರು.

ಮಾರನೇ ದಿನ ಅವಳು ಪುಸ್ತಕವನ್ನೇ ಒಯ್ದು ಡಾಕ್ಟರ ಮೇಜಿನ ಮೇಲಿಟ್ಟಳು.

"ಏನಮ್ಮ ಇದು, ಹಗ್ಗದ ಜಾತಕನಾ?"

"ನಂದೂ ಅದ್ರಲ್ಲೇ ಇದೆ ಸರ್. ಗೆರೆ ಎಳೆದಿದೀನಿ, ನೋಡಿ."

ವಾದಿರಾಜ ಎಣಿಸಿದರು. ನಗು ನಿಂತಿತು. ಸ್ಕ್ಯಾನ್ ಮಾಡಿಸಿದರೆ ಗೂಡಿನ ಅಂಚು ಹರಿದಿತ್ತು. ಆಪರೇಷನ್ ಆಗಲೇಬೇಕು ಎಂದರು. ಯಾವಾಗ ಎಂಬುದು ಅವಳಿಗೆ ಬಿಟ್ಟದ್ದು. ಬರುವ ಸೋಮವಾರವೇ ಎಂದಳು.

ಭದ್ರಾವತಿಯ ಜನ್ನಾಪುರದ ಮನೆಯಲ್ಲಿ ಅವಳ ತಾಯಿ ನಂಜಮ್ಮ ಕುಕ್ಕರಿನ ಮುಂದೆಯೇ ಕೂತುಬಿಟ್ಟರು. "ಸ್ಪರ್ಧೆ ಮುಗಿಸ್ಕೊಂಡು ಮಾಡಿಸ್ಬಾರ್ದೇನೇ? ಬೀದಿಗೆಲ್ಲ ಹೇಳಿಬಿಟ್ಟಿದೀನಿ."

"ಮುಂದಿನ ವರ್ಷ ಅಂತ ಹೇಳಮ್ಮ."

ನಂಜಮ್ಮ ಹಾಗೆಯೇ ಹೇಳಿದರು, ಮೊದಲಿಗಿಂತ ಜೋರಾಗಿ. ಸ್ಪರ್ಧೆಗೆ ಬರುವುದಿಲ್ಲವೆಂಬ ಪತ್ರವನ್ನು ಮೋನಿಕಾ ತಾನೇ ಬರೆದಳು, ಅದೇ ದುಂಡಗಿನ ಅಕ್ಷರದಲ್ಲಿ. ಒಂದು ಕಡೆಯೂ ಹೊಡೆದು ಹಾಕಲಿಲ್ಲ.

ಒಂಬತ್ತು ತಿಂಗಳ ಮೇಲೆ ಏಳನೇ ನಂಬರಿನ ಹಗ್ಗ ಕಟ್ಟಿಕೊಂಡು ಅದೇ ದಾರಿ ಹಿಡಿದಳು. ಎಂಟನೇ ಮೀಟರಿನಲ್ಲಿ ಎಡಗೈ ಮೊದಲಿನಷ್ಟು ಹಿಂದಕ್ಕೆ ಹೋಗಲಿಲ್ಲ. ಕಾಲನ್ನು ಒಂದು ಗೇಣು ಮೇಲಿಟ್ಟು, ಮೈ ತಿರುಗಿಸಿ ಹಿಡಿದಳು. ಭುಜ ನಿಂತಿತು. ತುದಿಯ ತೊಲೆಯನ್ನು ಎಡಗೈಯಿಂದಲೇ ಬಡಿದಳು.

"ಇಳೀತೀಯೋ ಅಲ್ಲೇ ಸಂಸಾರ ಹೂಡ್ತೀಯೋ?" ಅನುಷಾ ಕೆಳಗಿನಿಂದ ಕೂಗಿದಳು.

"ತಡಿಯೇ, ಭದ್ರಾವತಿ ಕಾಣುತ್ತಾ ನೋಡ್ತೀನಿ!"

ಮಂಜಪ್ಪ ಪುಸ್ತಕ ತೆರೆದು, ಬರೆಯಲು ಏನೂ ಇಲ್ಲದೆ ಮುಚ್ಚಿದರು. ಇನ್ನೊಮ್ಮೆ ತೆರೆದು, ಇನ್ನೊಮ್ಮೆ ಮುಚ್ಚಿದರು.

ಹೋದದ್ದು ಇಷ್ಟು: ಒಂದು ಸ್ಪರ್ಧೆ, ಒಂಬತ್ತು ತಿಂಗಳು, ಎಡಗೈ ಹಿಂದಕ್ಕೆ ತಿರುಗುವುದರಲ್ಲಿ ಹತ್ತು ಡಿಗ್ರಿ.