ಕೇಳಿಸುವಷ್ಟು ದೂರ

"ಓಡಿ ಬರ್ಬೇಕಾ, ನಡ್ಕೊಂಡು ಬಂದ್ರೆ ಸಾಕಾ?" ಎಂದು ಗಂಡ ಕೇಳಿದ.

ಅವಳು ಸೇತುವೆಯ ಕಟಕಟೆಗೆ ಒರಗಿ ಯೋಚಿಸಿದಳು. ಅವಳು ಬರೆಯುತ್ತಿದ್ದ ಕಾದಂಬರಿಯ ನಾಯಕನದು ಮೀಸೆ ತಿರುವುವ ವಯಸ್ಸು. ಆಚೆ ದಡದ ನಿಲ್ದಾಣದಲ್ಲಿ ರೈಲಿಳಿದವನೇ ನದಿ ದಾಟಿ ನಾಯಕಿಯ ಬಳಿಗೆ ಓಡಿ ಬರುತ್ತಾನೆ. ಗಂಡನಿಗೋ ಮಂಡಿನೋವು. ನಡೆದರೆ ಸಾಕು, ಉಳಿದದ್ದನ್ನು ತಾನು ಓಡಿಸಿಕೊಳ್ಳುತ್ತೇನೆ ಎಂದಳು. ಅವನು ತಲೆಯಾಡಿಸಿ ಆಚೆ ದಡಕ್ಕೆ ಹೊರಟ.

ಹಿಂದಿನ ಕಾದಂಬರಿಯಲ್ಲಿ ಅವಳು ಸೂರ್ಯನನ್ನು ಪೂರ್ವದ ಸಮುದ್ರದಲ್ಲಿ ಮುಳುಗಿಸಿಬಿಟ್ಟಿದ್ದಳು. ಕೈಗೆ ಸಿಕ್ಕಿದ್ದರೆ ಓದುಗರು ಅವಳನ್ನೂ ಅಲ್ಲೇ ಮುಳುಗಿಸುತ್ತಿದ್ದರು. ಅಂದಿನಿಂದ, ಕಣ್ಣಾರೆ ಕಾಣದ ಊರನ್ನು ಬರೆಯುವುದಿಲ್ಲವೆಂದು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು. ಭೂಮಾಪನ ಇಲಾಖೆಯಿಂದ ನಿವೃತ್ತನಾಗಿದ್ದ ಗಂಡನಿಗೆ ದಿಕ್ಕು, ದೂರ, ಇಳಿಜಾರು ಎಂದರೆ ಊಟಕ್ಕಿಂತ ಹೆಚ್ಚು. ಹಾಗಾಗಿ ಅವನೂ ಬಂದಿದ್ದ. ಯಾವ ಬದಿಯ ಕಿಟಕಿಯಿಂದ ನದಿ ಕಾಣುತ್ತದೆ, ಯಾವ ತಿರುವಿನಲ್ಲಿ ಎದುರು ಕೂತವರ ಮೊಣಕಾಲು ತಾಗುತ್ತದೆ ಎಂದು ರೈಲಿನಲ್ಲಿ ದಾರಿಯುದ್ದಕ್ಕೂ ಹೇಳಿದ್ದ. ಅದರಾಚೆ ಇಬ್ಬರ ನಡುವೆ ಮಾತಿರಲಿಲ್ಲ.

ಮಾತು ನಿಂತು ವರ್ಷಗಳೇ ಆಗಿದ್ದವು. ಜಗಳವೂ ಇಲ್ಲ, ಮುನಿಸೂ ಇಲ್ಲ. ಒಲೆ ಯಾವಾಗ ಆರಿತೆಂದು ಇಬ್ಬರೂ ನೋಡಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅವಳೇ, ನೀವು ನಿಮ್ಮಕ್ಕನ ಮನೆಗೆ ಹೋಗಿ ಇದ್ದುಬಿಟ್ಟರೆ ಇಬ್ಬರಿಗೂ ಹಗುರ ಎಂದಿದ್ದಳು. ಅವನು ಲೋಟ ತೊಳೆದಿಟ್ಟು, ಆಗಲಿ, ನಿನ್ನ ಪುಸ್ತಕ ಮುಗಿಯಲಿ ಎಂದಿದ್ದ. ಅವಳಿಗೆ ಸಂಕಟವೂ ಆಗಲಿಲ್ಲ, ನೆಮ್ಮದಿಯೂ ಆಗಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎಂದು ಆ ಅಕ್ಕ ಫೋನಿನಲ್ಲಿ ಚುಚ್ಚಿದಾಗಲೂ, ಮಾತು ಚೆನ್ನಾಗಿದೆ, ಎಲ್ಲಾದರೂ ಬಳಸಬಹುದು ಎಂದಷ್ಟೇ ಅನ್ನಿಸಿತ್ತು.

ಈಗ ಅವನು ಆಚೆ ತುದಿ ಮುಟ್ಟಿದ್ದ. ಅಲ್ಲಿಂದ ಕೂಗಿದರೆ ಇಲ್ಲಿಗೆ ಕೇಳಿಸುತ್ತದೆಯೇ ಎಂಬುದು ಅವಳಿಗೆ ಬೇಕಾಗಿದ್ದ ವಿವರ. ಕೈಯೆತ್ತಿ ಸನ್ನೆ ಮಾಡಿದಳು. ಅವನು ಬಾಯಿಗೆ ಕೈಗಳನ್ನು ಒಡ್ಡಿ ಏನೋ ಕೂಗಿದ. ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ಕೇಳಿಸಲಿಲ್ಲವೆಂದು ಅವಳು ಕೈಯಾಡಿಸಿದಳು. ಅವನು ಮತ್ತೆ ಕೂಗಲಿಲ್ಲ. ನಡೆದು ಬಂದ.

ಏನಂದಿರಿ ಎಂದು ಕೇಳಿದಳು.

"ಏನಿಲ್ಲ. ಕೇಳ್ಸಲ್ಲ ಅಂತ ಬರ್ಕೋ," ಎಂದವನು ಎಲ್ಲಾದರೂ ಚಹಾ ಸಿಗುತ್ತದೇನೋ ನೋಡಲು ಮುಂದೆ ಹೋದ.

ಸೇತುವೆಯ ನಡುವೆ ಒಬ್ಬ ಮುದುಕಿ ಗಾಳ ಇಳಿಬಿಟ್ಟು ಕೂತಿದ್ದಳು. ನೀರಿನ ಬಣ್ಣ ಗುರುತು ಮಾಡಿಕೊಳ್ಳಲು ಇವಳು ಅಲ್ಲಿಗೆ ಹೋದಾಗ ಮುದುಕಿ, ನಿಮ್ಮವರು ಕೂಗಿ ಇದ್ದಬದ್ದ ಮೀನನ್ನೆಲ್ಲ ಓಡಿಸಿದರು ಎಂದು ಗೊಣಗಿದಳು. ಆಮೇಲೆ ದಾರದಿಂದ ಕಣ್ಣು ತೆಗೆಯದೆ ಹೇಳಿದಳು:

"ನಾನು ಹೋಗ್ಲೇಬೇಕಾ ಅಂತ ಪಾಪ ಅಷ್ಟು ಜೋರಾಗಿ ಕೇಳಿದ್ರು. ಹೂಂ ಅಂತಾನೋ ಉಹೂಂ ಅಂತಾನೋ ಏನಾದ್ರೂ ಹೇಳ್ಬಾರ್ದಾಗಿತ್ತಾ ನೀವು?"

ಇವಳು ನೀರು ನೋಡಿದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಅವಳ ನಾಯಕಿಯರೆಲ್ಲ ಇಂಥ ಹೊತ್ತಿನಲ್ಲಿ ಕಟಕಟೆ ಹಿಡಿದು ಕುಸಿಯುತ್ತಿದ್ದರು. ಕಟಕಟೆ ತಣ್ಣಗಿತ್ತು, ಅಂಗೈಗೆ ತುಕ್ಕು ಮೆತ್ತಿತು, ಅಷ್ಟೇ. ನೀರು ಯಾವ ಬಣ್ಣದ್ದೆಂದು ನೋಡಿಕೊಳ್ಳುವುದನ್ನು ಮಾತ್ರ ಮರೆತಳು.

ಸಂಜೆ ರೈಲಿರಲಿಲ್ಲ. ಬಸ್ಸು ಕಿಕ್ಕಿರಿದಿತ್ತು, ಸಿಕ್ಕಿದ್ದು ಒಂದೇ ಸೀಟು. ಅವಳನ್ನು ಕೂರಿಸಿ ಅವನು ಕಂಬಿ ಹಿಡಿದು ನಿಂತ. ಅವಳು ಅವನ ಚೀಲವನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಹೆಣಭಾರ, ಊರು ದಾಟುವಷ್ಟರಲ್ಲಿ ಕಾಲು ಜೋಮು ಹಿಡಿದಿತ್ತು. ಮುಂದೆ ಯಾವುದೋ ನಿಲ್ದಾಣದಲ್ಲಿ ಕಿಟಕಿ ಪಕ್ಕದ ಹೆಂಗಸು ಇಳಿದುಹೋದಳು. ಇವಳು ಮರಗಟ್ಟಿದ ಕಾಲನ್ನು ಕೈಯಿಂದಲೇ ಎತ್ತಿ ಇಟ್ಟು ಕಿಟಕಿಯ ಕಡೆಗೆ ಸರಿದಳು.

ಅವನು ಆ ಖಾಲಿ ಜಾಗವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಕೂತ. ಚೀಲಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ.